ಆಡು ನುಂಗಿದ ಗುಂಡಿ

ನನ್ನ ಬೊಂಬೆ ಆಡು ಬಂದು ಗುಂಡಿಗಳ ಸಾಲು ಕೆಡಿಸಿದರೆ ಪುಟ್ಟ ಮಕ್ಕಳೂ "ಎರಡೂ ಸಾಲು ಅಷ್ಟೇ" ಅಂತ ಸರಿ ಹೇಳುತ್ತವೆ, ಕಳ್ಳ ಆಡು ಗೆದ್ದಿತು ಅಂತ ಹೋದ ಸಲ ಕುಣಿದಾಡಿ ಬರೆದಿದ್ದೆ. ಈಗ ಅದೇ ಆಡು ನನ್ನ ತಲೆ ತಿನ್ನುತ್ತಿದೆ.

ಮಕ್ಕಳ ಯೋಚನೆ ಹೇಗೆ ಬೆಳೆಯುತ್ತದೆ ಅಂತ ನೋಡಿದ ಮನಶ್ಶಾಸ್ತ್ರಜ್ಞ ಪಿಯಾಜೆಯದು ಒಂದು ಸಾಲು ಪ್ರಯೋಗ. ಎರಡು ಸಾಲು ಸಮ ಇಟ್ಟು ಎರಡರಲ್ಲೂ ಅಷ್ಟೇ ಇವೆಯಾ ಅಂತ ಕೇಳುವುದು, ಒಂದನ್ನು ಹಿಗ್ಗಿಸಿ ಮತ್ತೆ ಅದನ್ನೇ ಕೇಳುವುದು. ಕಲಬುರಗಿಯ ನಮ್ಮ ಓಣಿಯ ಐದು ವರ್ಷದ ಮಕ್ಕಳೂ ಉದ್ದ ಸಾಲು ತೋರಿಸಿ "ಇದ್ರಾಗ ಭಾಳ ಅದಾವ್ರಿ" ಅಂದವು. ನನ್ನ ಅನುಮಾನ ಎರಡನೇ ಪ್ರಶ್ನೆಯ ಮೇಲಿತ್ತು. ದೊಡ್ಡವರು ಕೇಳಿದ್ದನ್ನೇ ಕೇಳಿದರೆ ಮೊದಲು ಹೇಳಿದ್ದು ತಪ್ಪು ಅಂತಲೇ ಅರ್ಥ, ಅಲ್ವಾ? 1974ರಲ್ಲಿ ರೋಸ್ ಮತ್ತು ಬ್ಲ್ಯಾಂಕ್ ಎಂಬ ಸಂಶೋಧಕರು ಒಂದೇ ಸಲ ಕೇಳಿ ನೋಡಿದರು, ತಪ್ಪು ಕಡಿಮೆಯಾಯಿತು. ಅದೇ ವರ್ಷ ಮೆಕ್‌ಗ್ಯಾರಿಗಲ್ ಮತ್ತು ಮಾರ್ಗರೆಟ್ ಡೊನಾಲ್ಡ್‌ಸನ್ ತುಂಟ ಕರಡಿ ಬೊಂಬೆಯ ಕೈಯಲ್ಲಿ ಸಾಲು ಕೆಡಿಸಿದರು. 80 ಮಕ್ಕಳಲ್ಲಿ ದೊಡ್ಡವರು ಕದಲಿಸಿದಾಗ ಸರಿ ಹೇಳಿದ್ದು 13, ಕರಡಿ ಕದಲಿಸಿದಾಗ 50.

ನನ್ನ ಕರಡಿಯೇ ಈ ಆಡು, ಹಳೇ ಕಾಲುಚೀಲದ್ದು. ಸಾಲಿಗೆ ಸಾಮಾನು ಹೊಂದಿಸುವುದೇ ದೊಡ್ಡ ರಗಳೆ. ಆನ್‌ಲೈನ್‌ನಲ್ಲಿ ತರಿಸಿದ ಬಿಲ್ಲೆಗಳು ಒಂದು ದಪ್ಪ, ಒಂದು ತೆಳು. ವಾಪಸ್ ಕಳಿಸಿದರೆ ದುಡ್ಡು ಇನ್ನೂ "ಪರಿಶೀಲನೆಯಲ್ಲಿದೆ". ತೊಗರಿ ಕಣಜದ ಊರಲ್ಲಿ ಕಾಳಿಗೆ ಬರವೇ ಅಂತ ತೊಗರಿ ಹಾಕಿದೆ, ಎಲ್ಲ ಉರುಳಿ ಹೋದವು. ಕೊನೆಗೆ ಸೂಪರ್ ಮಾರ್ಕೆಟ್‌ನಲ್ಲಿ ಕೋಟಿನ ಗುಂಡಿ ಸಿಕ್ಕವು, ನಾಲ್ಕು ತೂತಿನ ಕಂದು ಗುಂಡಿ. ಬಂಗಾರ!

ಆಮೇಲೆ ಮೂರ್ ಮತ್ತು ಫ್ರೈ 1986ರಲ್ಲಿ ಮಾಡಿದ್ದನ್ನು ಓದಿದೆ. ಓದಬಾರದಿತ್ತು ಅನಿಸಿತು. ಬೊಂಬೆ ನಿಜವಾಗಿಯೇ ಸಂಖ್ಯೆ ಬದಲಿಸಿದರೆ ಮಕ್ಕಳು ಗಮನಿಸುತ್ತಾರಾ ಅಂತ ಅವರು ನೋಡಿದ್ದರು. ನಾನೂ ಮಾಡಿ ನೋಡೋಣ ಅಂತ ಆಡಿನ ಬಾಯೊಳಗೆ ಸಣ್ಣ ಚೀಲ ಹೊಲಿದೆ. ಆಡು ಬಂತು, ಸಾಲು ಕೆದರಿತು, ಒಂದು ಗುಂಡಿ ನುಂಗಿತು. ಎದುರಿಗಿದ್ದ ಹುಡುಗಿ ಸಾಲಿನ ಕಡೆ ಕಣ್ಣೂ ಹಾಯಿಸಲಿಲ್ಲ. "ಎರಡೂ ಅಷ್ಟೇ ಅದಾವ. ಇದರ ಬಾಲ ಎಲ್ಲಿ ಹೋತು?" ಅಂದಳು. ಬಾಲ ಹೊಲಿದೇ ಇರಲಿಲ್ಲ. ಅದೇ ಗುಂಡಿಯನ್ನು ನಾನು ಕೈಯಿಂದ ಎತ್ತಿದರೆ ತಕ್ಷಣ ಹಿಡಿದುಬಿಟ್ಟಳು. ಉಳಿದ ಮಕ್ಕಳೂ ಹೆಚ್ಚುಕಡಿಮೆ ಹೀಗೇ. ಅಂದರೆ ಆಡು ಬಂದಾಗ ಸಿಕ್ಕ "ಅಷ್ಟೇ ಅದಾವ" ತಿಳಿದು ಹೇಳಿದ್ದೋ, ನೋಡದೇ ಹೇಳಿದ್ದೋ? ನನ್ನ ಹಳೇ ಲೆಕ್ಕವೆಲ್ಲ ಈಗ ಅನುಮಾನದಲ್ಲಿ. ಹಿಂದೆ ಕೂತು "ಎಣಿಸಿ ಹೇಳು" ಅಂತ ಪಿಸುಗುಡುವ ತಾಯಂದಿರ ಕಥೆ ಬೇರೆ.

ಸದ್ಯಕ್ಕೊಂದು ಉಪಾಯ ಮಾಡಿದ್ದೇನೆ. ಮೊದಲೇ ಆಡನ್ನು ಮಕ್ಕಳ ಕೈಗೆ ಕೊಟ್ಟು ಬೇಸರ ಬರುವವರೆಗೆ ಆಡಲು ಬಿಡುವುದು. ಸ್ವಲ್ಪ ಕೆಲಸ ಮಾಡುತ್ತಿದೆ, ಆದರೆ ಬೇಸರ ಬಂದ ಮಗು ಪ್ರಯೋಗಕ್ಕೂ ಕೂರುವುದಿಲ್ಲ.

ನಡುವೆ ತಂಗಿಯ ಒಂಬತ್ತು ತಿಂಗಳ ಕೂಸು ಬಂದಿದೆ, ನನ್ನ ಕೈ ಸುಮ್ನೆ ಇರ್ತಿಲ್ಲ. ಆಟಿಕೆಯನ್ನು ಮೊದಲು ಒಂದು ಕಡೆ ಬಚ್ಚಿಟ್ಟು, ಆಮೇಲೆ ಕಣ್ಣೆದುರೇ ಇನ್ನೊಂದು ಕಡೆ ಬಚ್ಚಿಟ್ಟರೂ ಮೊದಲಿನ ಜಾಗಕ್ಕೇ ಕೈ ಹಾಕುವ ತಪ್ಪು ಗೊತ್ತಲ್ಲ? ಜಾಗ ಬದಲಿಸುವಾಗ ಕೂತ ಕೂಸನ್ನು ನಿಲ್ಲಿಸಿದರೆ ಅದು ಕಡಿಮೆಯಾಗುತ್ತದೆ ಅಂತ ಸ್ಮಿತ್, ಥೆಲೆನ್ ತಂಡ 1999ರಲ್ಲಿ ತೋರಿಸಿತು. ಅದಕ್ಕೆ ಆಟಿಕೆ ಬಚ್ಚಿಡಲು ಎರಡು ತೂತಿನ ಹಲಗೆ ಕೊಯ್ಯಲು ಕೊಟ್ಟಿದ್ದೇನೆ. ಬಡಗಿ "ನಾಳೆ" ಅಂದಿದ್ದಾನೆ, ಯಾವ ನಾಳೆ ಅಂತ ಹೇಳಿಲ್ಲ.

ಆಡಿಗೆ ಬದಲಾಗಿ ನನ್ನ ಕಣ್ಣು ಈಗ ಒಡೆದ ಗ್ಲಾಸಿನ ಮೇಲಿದೆ. 1979ರಲ್ಲಿ ಲೈಟ್ ಮತ್ತು ಜೊತೆಗಾರರು "ಅಂಚು ಒಡೆದಿದೆ, ಕೈ ಕೊಯ್ದೀತು" ಎನ್ನುವ ನೆಪದಲ್ಲಿ, ಸಮ ತುಂಬಿದ ಎರಡು ಗ್ಲಾಸಿನಲ್ಲಿ ಒಂದರ ಒಳಗಿದ್ದದ್ದನ್ನು ಬೇರೆ ಆಕಾರದ ಪಾತ್ರೆಗೆ ಸುರಿದರು. ಬೊಂಬೆ ಇಲ್ಲ, ಸುರಿಯಲು ಕಾರಣ ಇದೆ. ಮಕ್ಕಳು ಸಮ ಎಂದು ಹೇಳಿದ್ದು ಜಾಸ್ತಿಯಾಯಿತು. ನಾನು ಅದಕ್ಕೂ ಒಂದು ಕಳ್ಳತನ ಸೇರಿಸುತ್ತೇನೆ. ಸುರಿಯುವಾಗ ಕೆಲವು ಸಲ ಒಂದು ಹಿಡಿ ಕಾಳು ಕೆಳಗೆ ಬೀಳಿಸುತ್ತೇನೆ. ಆಗಲೂ "ಅಷ್ಟೇ" ಅಂದರೆ ಒಡೆದ ಗ್ಲಾಸೂ ಆಡಿನ ಜಾತಿಯದೇ.

ಚಹಾದ ಅಂಗಡಿಯವರು ಅಂಚು ಒಡೆದ ಗ್ಲಾಸು ಪುಕ್ಕಟೆ ಕೊಟ್ಟರು. ಅಂಚನ್ನು ಉಜ್ಜಿ ನುಣುಪು ಮಾಡಿದೆ, ನೋಡಲು ಮಾತ್ರ ಒಡಕು. ಉರುಳಿ ಹೋದ ತೊಗರಿಗೂ ಕೊನೆಗೆ ಕೆಲಸ ಸಿಕ್ಕಿತು. ಒಂದೇ ಅಳತೆಯ ಎರಡು ಗ್ಲಾಸು ಎಲ್ಲಿ ಸಿಗುತ್ತವೆ ಅಂತ ಯಾರಿಗಾದರೂ ಗೊತ್ತಿದ್ದರೆ ಹೇಳಿ. ಲ್ಯಾಬ್ ಸಾಮಾನಿನವರು ಕೊಟ್ಟ ಜೋಡಿ ಬೀಕರ್‌ನಲ್ಲಿ ಒಂದು ಬೆರಳು ದಪ್ಪ ವ್ಯತ್ಯಾಸ ಇದೆ, ಅದನ್ನು ಮಕ್ಕಳೇ ಮೊದಲು ಕಂಡುಹಿಡಿದರು.