ಸ್ಟೀರಿಂಗ್ ರ‍್ಯಾಕ್ ಬದಲಿಸಿದ ದಿನ

17 ನವೆಂಬರ್ 2024, ಭಾನುವಾರ

ಮೂರು ವಾರಗಳಿಂದ ಕಾರಿನ ಪವರ್ ಸ್ಟೀರಿಂಗ್ ಆಯಿಲ್ ಕಡಿಮೆಯಾಗುತ್ತಲೇ ಇತ್ತು. ಪಂಪಿನಲ್ಲಾಗಲಿ ಪೈಪುಗಳಲ್ಲಾಗಲಿ ಒಂದು ತೊಟ್ಟೂ ಕಾಣದಿದ್ದುದರಿಂದ ಮೊನ್ನೆ ಸ್ಟೀರಿಂಗ್ ರ‍್ಯಾಕಿನ, ಅಂದರೆ ಎಡಬಲಕ್ಕೆ ಸರಿದು ಚಕ್ರಗಳನ್ನು ತಿರುಗಿಸುವ ಹಲ್ಲಿನ ದಂಡವಿರುವ ಭಾಗದ, ಎಡತುದಿಯನ್ನು ಮುಚ್ಚುವ ರಬ್ಬರ್ ಬೂಟಿನ ಕ್ಲಿಪ್ಪನ್ನು ಸಡಿಲಿಸಿದೆ. ಒಳಗೆ ತುಂಬಿಕೊಂಡಿದ್ದ ಆಯಿಲ್ ಮೊಣಕೈವರೆಗೆ ಸುರಿಯಿತು. ರ‍್ಯಾಕಿನ ತುದಿಯ ಸೀಲು ಸವೆದಾಗ ಆಯಿಲ್ ಮೊದಲು ಸೇರುವುದು ಈ ಬೂಟಿನೊಳಗೇ, ಆದ್ದರಿಂದ ನೆಲದ ಮೇಲೆ ಕಲೆ ಕಾಣುವ ಹೊತ್ತಿಗೆ ಸೋರಿಕೆ ಹಳೆಯದಾಗಿರುತ್ತದೆ. ದಂಡದ ಮೇಲೆ ಗೀರು ಬಿದ್ದಿದ್ದರೆ ಹೊಸ ಸೀಲೂ ಬಾಳುವುದಿಲ್ಲವೆಂದು ಇಡೀ ರ‍್ಯಾಕನ್ನೇ ಬದಲಿಸಲು ನಿರ್ಧರಿಸಿದೆ.

ಬೆಳಿಗ್ಗೆ ಏಳಕ್ಕೆ ಹಿಂದಿನ ಚಕ್ರಗಳಿಗೆ ಅಡ್ಡಗಟ್ಟೆ ಕೊಟ್ಟು, ಮುಂಭಾಗವನ್ನು ಎತ್ತಿ ಎರಡು ಸ್ಟ್ಯಾಂಡುಗಳ ಮೇಲೆ ಕೂರಿಸಿದೆ. ಜಾಕ್ ಒಂದನ್ನೇ ನಂಬಿ ಕಾರಿನಡಿ ನುಗ್ಗುವವರನ್ನು ಕಂಡರೆ ನನಗೆ ಈಗಲೂ ಎದೆ ನಡುಗುತ್ತದೆ.

ಸ್ಪ್ಯಾನರ್ ಹಿಡಿಯುವ ಮುನ್ನ ಅರ್ಧ ಗಂಟೆಯನ್ನು ಗುರುತು ಹಾಕುವುದಕ್ಕೇ ಕೊಟ್ಟೆ. ಚಕ್ರಗಳನ್ನು ನೇರಕ್ಕೆ ನಿಲ್ಲಿಸಿ ಸ್ಟೀರಿಂಗನ್ನು ಸೀಟ್ ಬೆಲ್ಟಿನಿಂದ ಅಲುಗದಂತೆ ಬಿಗಿದೆ. ರ‍್ಯಾಕಿನಿಂದ ಬೇರ್ಪಟ್ಟ ಸ್ಟೀರಿಂಗ್ ಯಾರದೋ ಕೈ ತಾಗಿ ಹಲವು ಸುತ್ತು ತಿರುಗಿಬಿಟ್ಟರೆ, ಏರ್‌ಬ್ಯಾಗಿಗೆ ವಿದ್ಯುತ್ ಒಯ್ಯುವ ಸುರುಳಿ ಪಟ್ಟಿ, ಅಂದರೆ ಕ್ಲಾಕ್ ಸ್ಪ್ರಿಂಗ್, ಮಿತಿ ಮೀರಿ ಹರಿದುಹೋಗುತ್ತದೆ. ಆಮೇಲೆ ಸ್ಟೀರಿಂಗ್ ಕಂಬದ ಕೆಳಗಿನ ಕೀಲಿಗೂ ಪಿನಿಯನ್ (ರ‍್ಯಾಕಿನ ಹಲ್ಲುಗಳನ್ನು ತಿರುಗಿಸುವ ಚಿಕ್ಕ ಗಿಯರ್) ದಂಡಕ್ಕೂ ಸೇರುವಂತೆ ಬಿಳಿ ಬಣ್ಣದ ಒಂದು ಗೆರೆ ಎಳೆದೆ.

ರ‍್ಯಾಕನ್ನು ಚಕ್ರಗಳಿಗೆ ಜೋಡಿಸುವ ಟೈ ರಾಡ್ ತುದಿಗಳು ಸುಲಭವಾಗಿ ಬಿಡಲಿಲ್ಲ. ನಟ್ಟನ್ನು ಪೂರ್ತಿ ತೆಗೆಯದೆ ತುದಿಯಲ್ಲಿ ಉಳಿಸಿ, ಸ್ಟೀರಿಂಗ್ ತೋಳಿನ ಕಣ್ಣಿನ ಪಕ್ಕಕ್ಕೆ ಸುತ್ತಿಗೆಯಿಂದ ಬಲವಾಗಿ ಹೊಡೆದಾಗ ಕೀಲು ತಾನೇ ಕಳಚಿತು. ಮತ್ತೆ ಅಷ್ಟೇ ಸುತ್ತು ಹಾಕಲೆಂದು ಆ ತುದಿಗಳನ್ನು ಬಿಚ್ಚುವಾಗ ಸುತ್ತುಗಳನ್ನು ಎಣಿಸಿ ಬರೆದುಕೊಂಡೆ: ಎಡಕ್ಕೆ 19, ಬಲಕ್ಕೆ 21. ಆಯಿಲ್ ಪೈಪಿನ ನಟ್ಟುಗಳಿಗೆ ನಟ್ಟನ್ನು ಹೆಚ್ಚು ಕಡೆಗಳಿಂದ ಹಿಡಿಯುವ ಫ್ಲೇರ್ ಸ್ಪ್ಯಾನರನ್ನೇ ಬಳಸಿದೆ, ಸಾಮಾನ್ಯ ಸ್ಪ್ಯಾನರಿಗೆ ಮೂಲೆಗಳು ಸವೆದರೆ ಪೈಪನ್ನೇ ಬದಲಿಸಬೇಕಾಗುತ್ತದೆ. ರ‍್ಯಾಕಿನ ಒಂದು ಬೋಲ್ಟ್ ಸಬ್‌ಫ್ರೇಮಿನ (ಎಂಜಿನ್ನಿನಡಿಯ ಚೌಕಟ್ಟಿನ) ಹಿಂದೆ ಅಡಗಿದ್ದು, ಅದಕ್ಕಾಗಿ ಫ್ರೇಮನ್ನು ಸ್ವಲ್ಪ ಕೆಳಗಿಳಿಸಬೇಕಾಯಿತು. ಮಧ್ಯಾಹ್ನವೆಲ್ಲ ಅಲ್ಲೇ ಹೋಯಿತು.

ಹೊಸ ರ‍್ಯಾಕನ್ನು ಏರಿಸುವ ಮೊದಲು ಅದರ ನಡುವನ್ನು ಹುಡುಕಿದೆ. ಪಿನಿಯನ್ನನ್ನು ಒಂದು ತುದಿಯಿಂದ ಇನ್ನೊಂದು ತುದಿಗೆ ತಿರುಗಿಸಿದಾಗ ಮೂರು ಸುತ್ತು ಬಂದವು, ಒಂದೂವರೆ ಸುತ್ತು ಹಿಂದಕ್ಕೆ ತಂದು ನಿಲ್ಲಿಸಿದೆ. ನಡು ತಪ್ಪಿದರೆ ಕಾರು ಒಂದು ಕಡೆಗೆ ಹೆಚ್ಚು, ಇನ್ನೊಂದು ಕಡೆಗೆ ಕಡಿಮೆ ತಿರುಗುತ್ತದೆ. ಓ ರಿಂಗ್‌ಗಳನ್ನೂ ಸ್ಪ್ಲಿಟ್ ಪಿನ್ನುಗಳನ್ನೂ ಹೊಸದಾಗಿ ಹಾಕಿ, ಬೋಲ್ಟುಗಳನ್ನು ಕೈಪಿಡಿಯ ಅಳತೆಗೆ ಟಾರ್ಕ್ ವ್ರೆಂಚಿನಿಂದ ಬಿಗಿದೆ. ಕೀಲಿನ ಬೋಲ್ಟ್ ಪಿನಿಯನ್ ದಂಡದ ತೋಡಿನ ಮೂಲಕವೇ ಹಾದುಹೋಗಿದೆಯೆಂದು ಎರಡು ಬಾರಿ ಬೆರಳಿಟ್ಟು ನೋಡಿದೆ.

ಅತ್ಯಂತ ತಾಳ್ಮೆ ಬೇಡುವುದು ಆಯಿಲ್ ವ್ಯವಸ್ಥೆಯೊಳಗಿನ ಗಾಳಿ ತೆಗೆಯುವ ಕೆಲಸ. ಹಳೆಯ ಕಪ್ಪು ಆಯಿಲ್ ಹೊಸ ರ‍್ಯಾಕಿಗೆ ಸೇರದಂತೆ ಹಿಂತಿರುಗುವ ಪೈಪನ್ನು ಬಾಟಲಿಗೆ ಇಳಿಬಿಟ್ಟು ತೊಳೆದು, ಕಾರಿನ ಕೈಪಿಡಿ ಹೇಳಿದ ಜಾತಿಯ ಆಯಿಲನ್ನೇ ತುಂಬಿದೆ. ಎಂಜಿನ್ ಹಚ್ಚದೆ, ಚಕ್ರಗಳು ನೆಲದಿಂದ ಮೇಲಿರುವಾಗಲೇ ಸ್ಟೀರಿಂಗನ್ನು ತುದಿಯಿಂದ ತುದಿಗೆ ನಿಧಾನವಾಗಿ ಇಪ್ಪತ್ತು ಬಾರಿ ತಿರುಗಿಸುತ್ತ, ಮಟ್ಟ ಇಳಿದಾಗಲೆಲ್ಲ ಮತ್ತೆ ತುಂಬಿದೆ. ಗುಳ್ಳೆಗಳು ನಿಂತ ಮೇಲೆಯೇ ಎಂಜಿನ್ ಹಚ್ಚಿದೆ. ಮೊದಲು ನರಳಿದ ಪಂಪು ಕ್ರಮೇಣ ಮೌನವಾಯಿತು, ಡಬ್ಬಿಯ ನೊರೆ ಇಳಿದು ಆಯಿಲ್ ತಿಳಿಯಾಯಿತು. ತುದಿಯಲ್ಲಿ ಸ್ಟೀರಿಂಗನ್ನು ಒತ್ತಿ ಹಿಡಿಯಲಿಲ್ಲ, ಹಾಗೆ ಮಾಡಿದರೆ ಒತ್ತಡವೂ ಬಿಸಿಯೂ ಏರುತ್ತವೆ.

ಸುತ್ತುಗಳನ್ನು ಎಣಿಸಿದ್ದರೂ ಚಕ್ರಗಳ ಟೋ ಅಳತೆ, ಅಂದರೆ ಅವು ಒಳಕ್ಕೋ ಹೊರಕ್ಕೋ ಎಷ್ಟು ಮುಖ ಮಾಡಿವೆ ಎಂಬುದು, ಹಳೆಯದಕ್ಕೆ ಸರಿಹೊಂದಿದೆಯೆಂದು ನಂಬಲಾಗದು. ನಾಳೆ ನಿಧಾನವಾಗಿ ಓಡಿಸಿಕೊಂಡು ಹೋಗಿ ಅಲೈನ್‌ಮೆಂಟ್ ಮಾಡಿಸಬೇಕು. ಕಾರಿನಡಿ ಹರಡಿದ್ದ ಬಿಳಿ ಕಾಗದವನ್ನು ಮಲಗುವ ಮುನ್ನ ಟಾರ್ಚ್ ಬೆಳಕಿನಲ್ಲಿ ನೋಡಿದೆ, ಒಣಗಿಯೇ ಇದೆ.