ಹಸಿರು, ಕೆಂಪು, ಹಳದಿ

ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ಸುಮ್ನೆ ವಿಶ್ವಸಂಸ್ಥೆಯ ಸಾಮಾನ್ಯ ಸಭೆಯ ಹಳೇ ವಿಡಿಯೋ ಒಂದನ್ನು ನೋಡುತ್ತಾ ಕೂತೆ. ದೊಡ್ಡ ಬೋರ್ಡಿನಲ್ಲಿ ದೇಶಗಳ ಹೆಸರು, ಪಕ್ಕದಲ್ಲಿ ಪುಟ್ಟ ದೀಪ. ಹೌದು ಅಂದರೆ ಹಸಿರು, ಬೇಡ ಅಂದರೆ ಕೆಂಪು, ಎರಡೂ ಅಲ್ಲದವರಿಗೆ ಹಳದಿ. ಒಟ್ಟು 193 ದೇಶ. ಹತ್ತು ಸಾವಿರದಷ್ಟು ಜನರಿರುವ ತುವಾಲುಗೂ ಒಂದೇ ಓಟು, ಚೀನಾಕ್ಕೂ ಒಂದೇ. ನೋಡೋಕೆ ಎಷ್ಟು ಚೆಂದ ಅಲ್ವಾ?

ಆದರೆ ಅಲ್ಲಿನ ನಿರ್ಣಯ ಹೆಚ್ಚಿನ ಸಲ ಬರೀ ಸಲಹೆ. ಹಿಡಿತ ಇರುವುದು ಭದ್ರತಾ ಮಂಡಳಿಯಲ್ಲಿ. ಅಲ್ಲಿ 15 ದೇಶ, ಕಾಯಂ ಆಗಿರುವ ಐದಕ್ಕೆ ವೀಟೋ, ಅಂದರೆ ಅವರಲ್ಲಿ ಒಬ್ಬರು ಬೇಡ ಅಂದರೂ ನಿರ್ಣಯ ಬಿದ್ದುಹೋಗುತ್ತೆ. ದೇಶಗಳಿಗೆ ಸಾಲ ಕೊಡುವ ಐಎಂಎಫ್‌ನಲ್ಲಂತೂ ದುಡ್ಡಿನ ಪಾಲು ನೋಡಿ ಓಟು. ದೊಡ್ಡ ತೀರ್ಮಾನಕ್ಕೆ ಶೇ 85 ಬೇಕು, ಅಮೆರಿಕದ ಬಳಿಯೇ ಶೇ 16ಕ್ಕಿಂತ ಜಾಸ್ತಿ ಇದೆ. ಲೆಕ್ಕ ನೀವೇ ಹಾಕಿ!

ನನಗೆ ಇಷ್ಟವಾಗಿದ್ದು 1919ರಲ್ಲಿ ಶುರುವಾದ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ, ಅಂದರೆ ಐಎಲ್‌ಒ. ಅದರ ಸಮ್ಮೇಳನಕ್ಕೆ ಪ್ರತಿ ದೇಶದಿಂದ ಸರ್ಕಾರದ ಇಬ್ಬರು, ಮಾಲೀಕರ ಕಡೆಯಿಂದ ಒಬ್ಬರು, ಕಾರ್ಮಿಕರ ಕಡೆಯಿಂದ ಒಬ್ಬರು. ನಾಲ್ವರೂ ತಮಗೆ ಬೇಕಾದಂತೆ ಓಟು ಹಾಕಬಹುದು. ತನ್ನದೇ ಸರ್ಕಾರದವರು ಅದೇ ಸಭೆಯಲ್ಲಿ ಕೂತಿರುವಾಗ ಕಾರ್ಮಿಕ ಪ್ರತಿನಿಧಿ ಅವರ ವಿರುದ್ಧ ಓಟು ಹಾಕಬಹುದು! ಅಂಥದ್ದೊಂದು ವಿಡಿಯೋ ಸಿಗುತ್ತಾ ಅಂತ ಹುಡುಕುತ್ತಿದ್ದೇನೆ.