ಲೈಪ್‌ಜಿಗ್‌ನಲ್ಲಿ ಹಲ್ಲುನೋವು

ಮಗಳು ಇರುವುದು ಜರ್ಮನಿಯ ಲೈಪ್‌ಜಿಗ್‌ನಲ್ಲಿ. ಈ ಸಲ ಅಲ್ಲಿಗೆ ಹೋದಾಗ ಎಡಗಡೆ ಕೆಳದವಡೆ ಸಿಡಿಯಲು ಶುರುವಾಯ್ತು. ಬಿಸಿ ಕಾಫಿ ತಾಗಿದರೆ ಸಾಕು, ಕಿವಿವರೆಗೂ ನೋವು. ಮಗಳು ಪಕ್ಕದ ಬೀದಿಯ ಹಲ್ಲಿನ ಡಾಕ್ಟರಿಗೆ ಫೋನ್ ಮಾಡಿದಳು. "ಅಮ್ಮಾ, ನಂಗೆ ರಜೆ ಸಿಗಲ್ಲ, ಒಬ್ಬಳೇ ಹೋಗ್ತೀಯಾ?" ಅಂದಳು. ಹೋದೆ.

ಡಾಕ್ಟರಿಗೆ ಅರವತ್ತರ ಹತ್ತಿರ ವಯಸ್ಸು. ಇಂಗ್ಲಿಷ್ ಅಷ್ಟಕ್ಕಷ್ಟೇ. 1990ರವರೆಗೆ ಆ ಊರು ಪೂರ್ವ ಜರ್ಮನಿಯಲ್ಲಿತ್ತು, ಶಾಲೆಯಲ್ಲಿ ಕಲಿಸುತ್ತಿದ್ದದ್ದು ರಷ್ಯನ್. ನನ್ನ ಹತ್ತಿರ ಇದ್ದದ್ದು ಕನ್ನಡ, ಚೂರುಪಾರು ಇಂಗ್ಲಿಷ್. ಮೊಬೈಲಿನ ಅನುವಾದ ಬಾಯಿ ತೆರೆಯುವವರೆಗೆ ಮಾತ್ರ.

ಕೈಲಿ ತೀರ್ಥಹಳ್ಳಿ ಡಾಕ್ಟರ ಹಳೇ ಚೀಟಿ ಇತ್ತು. ಹುಳುಕು ತುಂಬಿಸಿದಾಗ ಅವರು ಹಲ್ಲಿನ ನಂಬರ್ 36 ಎಂದು ಬರೆದಿದ್ದರು. ಕೆಳಗಿನ ಎಡಭಾಗಕ್ಕೆ 3, ಮುಂದಿನ ಹಲ್ಲಿಂದ ಎಣಿಸಿದರೆ ಆರನೆಯದು. ಈ ಲೆಕ್ಕ ನಮ್ಮಲ್ಲೂ ಜರ್ಮನಿಯಲ್ಲೂ ಒಂದೇ. (ಅಮೆರಿಕದಲ್ಲಿ ಬೇರೆ, ಅಲ್ಲಿ ಇದೇ ಹಲ್ಲು 19.) ಬಿಪಿ ಮಾತ್ರೆಯ ಹೆಸರನ್ನೂ ಕಂಪನಿ ಹೆಸರಲ್ಲ, ಒಳಗಿನ ಔಷಧದ ಹೆಸರು ಆಮ್ಲೋಡಿಪಿನ್ ಎಂದೇ ಬರೆದುಕೊಂಡಿದ್ದೆ. ಎರಡನ್ನೂ ಓದಿ ಅವರು ತಲೆಯಾಡಿಸಿದರು.

ಆಮೇಲೆ ತಮ್ಮ ಎಡಗೈ ಎತ್ತಿದರು, ಬಲಗೈಯಲ್ಲಿದ್ದ ಡ್ರಿಲ್ ಕೆಳಗಿಟ್ಟರು. ನೀವು ಕೈ ಎತ್ತಿದರೆ ನಾನು ನಿಲ್ಲಿಸುತ್ತೇನೆ ಅಂತ. ಅಷ್ಟು ಹೊತ್ತಿನ ಭಯ ಆಗ ಇಳಿಯಿತು.

ಹತ್ತಿಯ ಸಣ್ಣ ಉಂಡೆಗೆ ತಣ್ಣನೆಯ ಸ್ಪ್ರೇ ಹೊಡೆದು ಮೊದಲು ಪಕ್ಕದ ಹಲ್ಲಿಗೆ ಮುಟ್ಟಿಸಿದರು. ಚುಳ್ ಎಂದು ಹೋಯ್ತು. ನಂತರ 36ಕ್ಕೆ. ಹತ್ತಿ ತೆಗೆದರೂ ನೋವು ಬಿಡಲಿಲ್ಲ. ನನ್ನ ಕೈ ಮೇಲೇ ಇತ್ತು, ಅವರು ಗಡಿಯಾರ ನೋಡುತ್ತಾ ಕಾದರು. ನೋವು ಹೀಗೆ ಉಳಿದುಕೊಂಡರೆ ಒಳಗಿನ ನರ ಊದಿಕೊಂಡಿದೆ ಎಂದರ್ಥ. ಎಕ್ಸ್‌ರೇ ತೆಗೆದರು, ಇಂಜೆಕ್ಷನ್ ಕೊಟ್ಟು ನರ ತೆಗೆದರು, ಔಷಧಿ ಇಟ್ಟು ತಾತ್ಕಾಲಿಕವಾಗಿ ಮುಚ್ಚಿದರು.

ಎಲೆಅಡಿಕೆಯ ಕೆಂಪು ಕಲೆ ಕಂಡು ಇದೇನೆಂದು ಸನ್ನೆಯಲ್ಲಿ ಕೇಳಿದರು. ಮೊಬೈಲಿನಲ್ಲಿದ್ದ ನಮ್ಮ ತೋಟದ ಫೋಟೋ ತೋರಿಸಿದೆ. ಅವರು ನಗಲಿಲ್ಲ. ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದೆಳೆದು ಎರಡೂ ಬದಿ, ಕೆನ್ನೆಯ ಒಳಗೆಲ್ಲ ನೋಡಿದರು. ತಂಬಾಕಿಲ್ಲದ ಅಡಿಕೆಯೂ ಕ್ಯಾನ್ಸರ್ ತರುತ್ತದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2004ರಲ್ಲೇ ಹೇಳಿದೆ. ನಾವು ಉಣ್ಣುವ ಅನ್ನ ಅಡಿಕೆಯದು, ನಿಜ. ಆದರೂ ನಮ್ಮ ಕಡೆ ಜಗಿಯುವವರ ಬಾಯನ್ನು ಯಾರಾದರೂ ಹೀಗೆ ನಿಧಾನವಾಗಿ ನೋಡಬೇಕು ಅಂತ ನನಗೆ ತುಂಬಾ ಅನಿಸುತ್ತದೆ.

ದುಡ್ಡಿನ ವಿಷಯವನ್ನೂ ಹೇಳಿಬಿಡುತ್ತೇನೆ. ಷೆಂಗೆನ್ ವೀಸಾಕ್ಕೆ (ಜರ್ಮನಿಯೂ ಸೇರಿದ ಯೂರೋಪಿನ ದೇಶಗಳದ್ದು) ಕನಿಷ್ಠ 30,000 ಯೂರೋವರೆಗಿನ ಚಿಕಿತ್ಸೆಯ ಖರ್ಚು ಕೊಡುವ ವಿಮೆ ಬೇಕೇಬೇಕು. ಆದರೆ ನನ್ನ ಪಾಲಿಸಿಯಲ್ಲಿ ಹಲ್ಲಿಗೆ ತುರ್ತು ನೋವು ತೆಗೆಯುವಷ್ಟು ಮಾತ್ರ. ಹೊರಡುವ ಮುಂಚೆ ಆ ಸಾಲನ್ನು ಓದಿಕೊಳ್ಳಿ. ಉಳಿದ ರೂಟ್ ಕೆನಾಲ್, ಕ್ಯಾಪ್ ಎಲ್ಲ ಶಿವಮೊಗ್ಗದಲ್ಲಿ ಮಾಡಿಸಿದೆ.

ಮುಂದಿನ ಸಲ ನಮ್ಮನೆಯವರೂ ಬರುತ್ತಾರಂತೆ. ಅಡಿಕೆ ಕೊನೆಕೊಯ್ಲು ಶುರುವಾದರೆ ಅವರು ಕೈಗೆ ಸಿಗುವುದಿಲ್ಲ, ಅದಕ್ಕೇ ಅವರ ಹಲ್ಲು ತೋರಿಸಲು ಈಗಲೇ ದಿನ ಗೊತ್ತುಮಾಡಿದ್ದೇನೆ.